ಅರ ಹಾಕಿದ ಅಂಚು

ಪದಕ ಕೂಡಿಡುವವರನ್ನು ಕಂಡರೆ ನನಗೆ ಹೇಸಿಗೆ. ಹೀಗೆನ್ನುವ ನನ್ನ ಗರಾಜಿನ ಕಪಾಟಿನಲ್ಲೇ ಸ್ವೀಡನ್, ನಾರ್ವೆ, ಡೆನ್ಮಾರ್ಕ್ ಸೈನ್ಯಗಳ ಅರವತ್ತು ಚಿಲ್ಲರೆ ಪದಕಗಳಿವೆ. ಹಾಗಾಗಿ ಈ ಮಾತಾಡುವ ಹಕ್ಕು ನನಗೆ ಬೇರೆಯವರಿಗಿಂತ ಒಂದು ತೂಕ ಹೆಚ್ಚೇ ಇದೆ. ಇನ್ನೊಬ್ಬನ ಎದೆಯ ಮೇಲಿದ್ದದ್ದನ್ನು ತಂದು, ಹತ್ತಿಯ ಮೇಲೆ ಮಲಗಿಸಿ, ಭೂತಗನ್ನಡಿ ಹಿಡಿದು "ಆಹಾ" ಅನ್ನುವುದಿದೆಯಲ್ಲ, ಥೂ! ಆ ಚಟ ನನಗೆ ಹೇಗೆ ಹತ್ತಿತು, ಹತ್ತಿದ ಮೇಲೆ ನಾನು ಏನು ಮಾಡಿದೆ ಅನ್ನುವುದನ್ನು ಇದುವರೆಗೆ ಹೆಂಡತಿಗೂ ಪೂರ್ತಿ ಹೇಳಿಲ್ಲ.

ನಾನು ಉಡುಪಿ ಕಡೆಯ ಅಕ್ಕಸಾಲಿಗರ ಮನೆಯವನು. ನ್ಯೂಜೆರ್ಸಿಗೆ ಬಂದ ನಮ್ಮ ಕಡೆಯವರೆಲ್ಲ ಕಂಪ್ಯೂಟರ್ ಮುಂದೆಯೋ ಹೋಟೆಲಿನ ಗಲ್ಲಾದಲ್ಲೋ ಕೂತರೆ, ನಾನು ರೂಟ್ ಒನ್ ಹೆದ್ದಾರಿಯ ಪಕ್ಕದ ಒಂದು ಒಡವೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಊದುಕೊಳವೆ ಹಿಡಿದು ಕೂತೆ. ಅಂಗಡಿಯ ಯಜಮಾನರು ಕುಂದಾಪುರದವರು, ಮೊದಲು ಮೋಟೆಲ್ ನಡೆಸಿ ಆಮೇಲೆ ಚಿನ್ನಕ್ಕೆ ಬಂದವರು. ನನ್ನ ಹೆಂಡತಿಗೆ ಮ್ಯಾನ್‌ಹಟನ್ನಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ. ನಮ್ಮ ಮನೆಯಿದ್ದ ಕೆಂಡಲ್ ಪಾರ್ಕಿನಿಂದ ದಿನಾ ಬಸ್ಸಿನಲ್ಲಿ ಕಮ್ಯೂಟ್ ಮಾಡುತ್ತಿದ್ದಳು.

2008ರಲ್ಲಿ ಬ್ಯಾಂಕುಗಳು ಒಂದರ ಹಿಂದೊಂದು ಬಿದ್ದಾಗ ನಮ್ಮಲ್ಲಿ ಒಡವೆ ಕೊಳ್ಳುವವರು ನಿಂತೇ ಹೋದರು. ಮಾರುವವರು ಶುರುವಾದರು. ಯಜಮಾನರು ಕಿಟಕಿಗೆ ಹಳದಿ ಬ್ಯಾನರ್ ಕಟ್ಟಿಸಿದರು: ಚಿನ್ನ, ಬೆಳ್ಳಿ ಕೊಳ್ಳುತ್ತೇವೆ, ಕೈಗೆ ಕ್ಯಾಶ್. ನನ್ನನ್ನು ಬೆಂಚಿನಿಂದ ಎಬ್ಬಿಸಿ ಕೌಂಟರಿನಲ್ಲಿ ಕೂರಿಸಿದರು. ಅಬ್ಬಾ, ಆ ಕೌಂಟರ್! ಮದುವೆಯ ಉಂಗುರ ಬೆರಳಿನಿಂದ ಬರದೆ ಸೋಪು ಹಚ್ಚಿ ಎಳೆಯುವವರು, ಒಂಟಿ ಓಲೆ ತಂದು ಇನ್ನೊಂದರ ಕತೆ ಹೇಳುವವರು. ಒಬ್ಬಾತ ಟಿಶ್ಯೂ ಬಿಡಿಸಿ ಎರಡು ಚಿನ್ನದ ಹಲ್ಲು ಮುಂದಿಟ್ಟ. ಅಪ್ಪನದಂತೆ. ಒಂದಕ್ಕೆ ಬೇರಿನ ಚೂರು ಹಾಗೇ ಅಂಟಿಕೊಂಡಿತ್ತು. ಅದನ್ನು ಇಕ್ಕಳದಿಂದ ಬಿಡಿಸಿ ತೂಕ ಹಾಕಿದವನು ನಾನು. ಅವತ್ತು ಬುತ್ತಿಯ ಚಿತ್ರಾನ್ನವನ್ನು ತೆರೆಯದೆ ಮನೆಗೆ ವಾಪಸ್ ಒಯ್ದೆ.

ಶಿಲುಬೆಯಾಕಾರದ ಮೊದಲ ಪದಕ ಬಂದದ್ದು ಆ ಚಳಿಗಾಲದಲ್ಲಿ. ಬ್ರೂಕ್ಲಿನ್ ಕಡೆಯ ಯಾರದೋ ಮನೆ ಖಾಲಿ ಮಾಡಿದ ಸಾಮಾನಿನ ಜೊತೆ ಬಂದಿತ್ತು. ಬಿಳಿ ಮೀನಾಕಾರಿಯ ಎಂಟು ಮೊನೆಯ ಶಿಲುಬೆ, ಮೇಲೊಂದು ಕಿರೀಟ, ನಡುವೆ ಕೆಂಪು ಬಿಲ್ಲೆಯ ಮೇಲೆ ಕೊಡಲಿ ಹಿಡಿದ ಚಿನ್ನದ ಸಿಂಹ. ಮೀನಾಕಾರಿ ಎಂದರೆ ಲೋಹದ ಮೇಲೆ ಕರಗಿಸಿ ಕೂರಿಸುವ ಬಣ್ಣದ ಗಾಜು. ಒಲೆಯ ಶಾಖ ಒಂದು ಚೂರು ಹೆಚ್ಚುಕಡಿಮೆಯಾದರೆ ಬಿರುಕು ಬಿಡುತ್ತದೆ. ಇದರಲ್ಲಿ ಕೂದಲೆಳೆಯಷ್ಟು ಬಿರುಕೂ ಇರಲಿಲ್ಲ. ಮಾಡಿದವನ ಕೈಗೆ ಮುತ್ತು ಕೊಡಬೇಕು ಅನ್ನಿಸಿತು.

"ಎಂತ ನೋಡ್ತಾ ಕೂತೆ ಮಾರಾಯ?" ಎಂದರು ಯಜಮಾನರು. "ಗಾಜಿಗೆಲ್ಲ ನಾನು ದುಡ್ಡು ಕೊಡ್ಲಿಕ್ಕುಂಟಾ? ಒಡೆದು ತೂಕ ಹಾಕು."

"ನನ್ನಿಂದ ಆಗುದಿಲ್ಲ" ಎಂದೆ.

ಅವರು ಬೈಯಲಿಲ್ಲ. ಸುತ್ತಿಗೆ ತಗೊಂಡು, ಶಿಲುಬೆಯ ಮೇಲೊಂದು ಬಟ್ಟೆ ಹಾಕಿ, ತೆಂಗಿನಕಾಯಿ ಒಡೆದ ಹಾಗೆ ನಾಲ್ಕು ಏಟು ಹಾಕಿದರು. ಬಟ್ಟೆ ಕೊಡವಿದಾಗ ಬಿಳಿ ಪುಡಿ ನೆಲಕ್ಕೆ ಬಿತ್ತು. ಉಳಿದ ಲೋಹವನ್ನು ಕರಗಿಸಲು ಕಳಿಸುವ ಚೀಲಕ್ಕೆ ಎಸೆದು, "ನೋಡು, ಎಷ್ಟು ಸುಲಭ" ಎಂದರು. ಆ ಮನುಷ್ಯನ ಮೇಲೆ ನನಗೆ ಅವತ್ತು ಹುಟ್ಟಿದ ಜಿಗುಪ್ಸೆ ಎಷ್ಟೋ ತಿಂಗಳು ಹೋಗಲಿಲ್ಲ.

ಸಿಂಹದ ಬಿಲ್ಲೆಯನ್ನು ಮಾತ್ರ ನೆಲದಿಂದ ಹೆಕ್ಕಿ ಜೇಬಿಗೆ ಹಾಕಿಕೊಂಡು ಮನೆಗೆ ಬಂದೆ. ಹೈಸ್ಕೂಲಿನಲ್ಲಿದ್ದ ಮಗಳು ಕಂಪ್ಯೂಟರಿನಲ್ಲಿ ಹುಡುಕಿ, "ಇಟ್ಸ್ ನಾರ್ವೇಜಿಯನ್, ಅಪ್ಪಾ. ಸೇಂಟ್ ಓಲಾವ್. ಲೈಕ್, ಅ ನೈಟ್‌ಹುಡ್" ಎಂದಳು, ಅಂದರೆ ರಾಜ ಕೊಡುವ ಸರದಾರ ಬಿರುದು. ಮರುದಿನವೇ ಯಜಮಾನರ ಹತ್ತಿರ ಮಾತಾಡಿದೆ: ಇನ್ನು ಇಂಥದ್ದು ಬಂದರೆ ಒಡೆಯಬೇಡಿ, ತೂಕದ ಬೆಲೆಗೆ ನಾನೇ ತಗೊಳ್ಳುತ್ತೇನೆ. "ನಿನ್ನ ಮಂಡೆ ಸರಿ ಉಂಟಾ?" ಎಂದು ನಕ್ಕು ಒಪ್ಪಿದರು.

ಹಾಗೆ ಶುರುವಾಯಿತು. ಕಾಪಾಡುತ್ತಿದ್ದೇನೆ ಎಂದು ಮೊದಮೊದಲು ಹೆಮ್ಮೆಯೂ ಇತ್ತು. ಲೈಬ್ರರಿಯಿಂದ ದಪ್ಪ ದಪ್ಪ ಪುಸ್ತಕ ತಂದು ಓದಿದೆ. ನೀಲಿ ಬಿಲ್ಲೆಯ ಮೇಲೆ ನೆಟ್ಟಗೆ ನಿಂತ ಕತ್ತಿ ಇದ್ದರೆ ಸ್ವೀಡನ್. ಬಿಳಿ ಶಿಲುಬೆಗೆ ಕೆಂಪು ಅಂಚು, ತಲೆಯ ಮೇಲೆ ರಾಜನ ಹೆಸರಿನ ಮೊದಲಕ್ಷರ ಇದ್ದರೆ ಡೆನ್ಮಾರ್ಕ್, ಆ ಅಕ್ಷರ ನೋಡಿ ಯಾವ ರಾಜನ ಕಾಲದ್ದು ಎಂದು ಹೇಳಬಹುದು. ರಿಬ್ಬನ್ನನ್ನು ತ್ರಿಕೋನವಾಗಿ ಮಡಚಿದ್ದರೆ ಅದೂ ಡೆನ್ಮಾರ್ಕ್ ಎಂದು ನಂಬಿ ಒಂದು ಆಸ್ಟ್ರಿಯಾದ ಪದಕಕ್ಕೆ ಮೂರು ವಾರ ತಲೆ ಕೆರೆದುಕೊಂಡದ್ದೂ ಉಂಟು. ಹೆಂಡತಿ ಮಾತ್ರ ಮೊದಲ ದಿನದಿಂದಲೇ ಮುಖ ಸಿಂಡರಿಸಿದಳು. "ಸತ್ತವರದ್ದೆಲ್ಲ ಮನೆಯೊಳಗೆ ಎಂತಕ್ಕೆ? ಗರಾಜಿನಲ್ಲಿಟ್ಟು ಕೈ ತೊಳ್ಕೊಂಡು ಬನ್ನಿ."

ಆಮೇಲೆ ಪದಕ ಮಾರುವ ಮೇಳಗಳಿಗೆ ಹೋಗತೊಡಗಿದೆ. ಟರ್ನ್‌ಪೈಕ್ ಹೆದ್ದಾರಿಯ ಪಕ್ಕದ ಹೋಟೆಲುಗಳಲ್ಲಿ ಭಾನುವಾರ ಒಂದು ಹಾಲ್ ಬಾಡಿಗೆಗೆ ಹಿಡಿದು, ಮೇಜುಗಳ ಮೇಲೆ ಗಾಜಿನ ಪೆಟ್ಟಿಗೆ ಜೋಡಿಸಿ ಕೂರುತ್ತಾರೆ. ಹಾಳಾದ ಕಾಫಿ, ಹಳೆ ಕಾರ್ಪೆಟ್ಟಿನ ಮುಗ್ಗಲು ವಾಸನೆ, ಬೆರಳಿಗೆ ಡೋನಟ್ಟಿನ ಸಕ್ಕರೆ ಮೆತ್ತಿಕೊಂಡೇ ಯಾವನೋ ಸತ್ತ ಸೈನಿಕನ ಶಿಲುಬೆ ಎತ್ತಿ ಬೆಳಕಿಗೆ ಹಿಡಿಯುವ ಗಂಡಸರು. ಡೆನ್ಮಾರ್ಕಿನ ಕೆಲವು ಶಿಲುಬೆಗಳನ್ನು ಪಡೆದವನು ಸತ್ತ ಮೇಲೆ ಅರಮನೆಗೆ ಹಿಂದಿರುಗಿಸಬೇಕು. ಅಂಥ ಐದನ್ನು ಸಾಲಾಗಿ ಇಟ್ಟುಕೊಂಡಿದ್ದ ಒಬ್ಬ, "ಕಾಲ ಕೆಟ್ಟಷ್ಟೂ ನಮಗೆ ಒಳ್ಳೆಯದು, ಹಳೆ ಮನೆಗಳೆಲ್ಲ ಬಾಯಿ ಬಿಡ್ತಾ ಇವೆ" ಎಂದು ಹೊಟ್ಟೆ ಕುಲುಕಿಸಿ ನಕ್ಕ. ಅವನನ್ನು ಕಂಡು ಮೈಯೆಲ್ಲ ಉರಿಯಿತು. ಆದರೆ ಅವನ ಜೊತೆ ನಾನೂ ನಕ್ಕೆ. ನಕ್ಕು, ಅವನಿಂದ ಒಂದು ಪಾಠವನ್ನೂ ಕಲಿತೆ. ಪಡೆದವನ ಹೆಸರು ಕೆತ್ತಿದ ಪದಕಕ್ಕೆ ಬೆಲೆ ಹೆಚ್ಚು. ಹೆಸರೇ ಇಲ್ಲದ್ದಿದ್ದರೆ, ಯಾರಿಗೂ ಕೊಡದೆ ಟಂಕಸಾಲೆಯಲ್ಲಿ ಉಳಿದದ್ದು ಎಂದು ಹೇಳಿ ಮಾರಬಹುದು. ಹೆಸರು ಅರ್ಧ ಅಳಿಸಿಹೋಗಿದ್ದರೆ ಮಾತ್ರ ನಾಯಿಯೂ ಮೂಸುವುದಿಲ್ಲ.

ಒಂದೆರಡು ವರ್ಷದಲ್ಲಿ ಜನ ನನಗೆ ಫೋನ್ ಮಾಡಿ ಕೇಳುವ ಹಾಗಾಯಿತು. "ಸ್ಕ್ಯಾಂಡಿನೇವಿಯನ್ ಆದರೆ ಆ ಇಂಡಿಯನ್ ಅಕ್ಕಸಾಲಿಗನಿಗೆ ತೋರಿಸಿ" ಅನ್ನುತ್ತಿದ್ದರಂತೆ. ಕೇಳಿ ಉಬ್ಬಿಹೋದೆ.

ಆ ದಿನಗಳಲ್ಲೇ ಒಂದು ಶನಿವಾರ ಐವತ್ತರ ಆಸುಪಾಸಿನ ಒಬ್ಬಾತ ಪರ್ತ್ ಆಂಬಾಯ್ ಊರಿನಿಂದ ಬಂದ. ಒಳ್ಳೆಯ ಕೋಟು, ಆದರೆ ಇಸ್ತ್ರಿ ಕಂಡು ಎಷ್ಟೋ ದಿನವಾಗಿತ್ತು. ನಮ್ಮ ಮನೆಗಳಲ್ಲಿ ಸೂಜಿದಾರ ಇಟ್ಟುಕೊಳ್ಳುವ ಬಿಸ್ಕತ್ತಿನ ನೀಲಿ ಡಬ್ಬಿ ತಂದು ಮುಂದಿಟ್ಟ. ಒಳಗೆ ಬೆಳ್ಳಿಯ ಚಮಚಗಳು. ತಳದಲ್ಲಿ ಕರವಸ್ತ್ರದಲ್ಲಿ ಸುತ್ತಿದ ಒಂದು ಪದಕ: ಕಪ್ಪಾಗಿದ್ದ ಬೆಳ್ಳಿ, ರಾಜನ ಪಕ್ಕಮುಖ, ಕೆಂಪು ಬಿಳುಪಿನ ರಿಬ್ಬನ್. ಡೆನ್ಮಾರ್ಕಿನ ಸೈನ್ಯದಲ್ಲಿ ನಿಯತ್ತಿನಿಂದ ದುಡಿದವರಿಗೆ ಕೊಡುತ್ತಿದ್ದ ಪದಕ. ಅದೇ ಜಾತಿಯವು ಎರಡು, ಇನ್ನೂ ಮನೆಗೆ ಒಯ್ಯದವು, ಆಗಲೇ ಅಂಗಡಿಯಲ್ಲಿ ನನ್ನ ಟ್ರೇಯಲ್ಲಿದ್ದವು. "ಅಜ್ಜನದು" ಎಂದ ಆತ, ಎಲ್ಲೋ ನೋಡುತ್ತಾ. ಡ್ರೈವರ್ಸ್ ಲೈಸೆನ್ಸ್ ನೋಡಿ ವಿಳಾಸ ಬರೆದುಕೊಂಡೆ. ಹಿಂದೆ ಆರೇಳು ಜನ ಸಾಲಿನಲ್ಲಿದ್ದುದರಿಂದ ಪುಸ್ತಕದಲ್ಲಿ "ಬೆಳ್ಳಿ, ಒಂದು ಡಬ್ಬಿ" ಎಂದಷ್ಟೇ ಗೀಚಿ, ಹಣ ಕೊಟ್ಟು ಕಳಿಸಿದೆ. ಪದಕವನ್ನು ನಾನೇ ಮನೆಗೆ ಒಯ್ಯುವುದೆಂದು ಆಗಲೇ ತೀರ್ಮಾನಿಸಿಯಾಗಿತ್ತು.

ಇಲ್ಲಿ ನಮ್ಮ ಕಸುಬಿನ ಒಂದು ಪದ್ಧತಿ ಹೇಳಬೇಕು. ಮುದ್ರೆಯಿಲ್ಲದ ಬೆಳ್ಳಿ ಬಂದರೆ ಮೇಲೆ ಮಾತ್ರ ಬೆಳ್ಳಿಯೋ ಒಳಗೂ ಬೆಳ್ಳಿಯೋ ಎಂದು ನೋಡಲು ಅರದಿಂದ ಸ್ವಲ್ಪ ತೀಡಿ, ತೀಡಿದ ಜಾಗವನ್ನು ಒರೆಗಲ್ಲಿಗೆ ಉಜ್ಜಿ, ಗೆರೆಯ ಮೇಲೆ ಆಸಿಡ್ ಹನಿ ಬಿಡುತ್ತೇವೆ. ಎಲ್ಲಿ ತೀಡಬೇಕು? ಮುಖದ ಮೇಲಲ್ಲ, ಬೆನ್ನಿನ ಮೇಲಲ್ಲ. ಅಂಚಿನಲ್ಲಿ. "ವಸ್ತುವಿನ ಮುಖಕ್ಕೆ ಕೈ ಹಾಕಬೇಡ" ಎಂದು ನನ್ನ ಅಪ್ಪ ಬೆರಳ ಗಂಟಿಗೆ ಹೊಡೆದು ಕಲಿಸಿದ್ದು. ಕಣ್ಣಿಗೆ ಕಾಣದ ಅಂಚಿಗೆ ಅರ ಹಾಕುವುದೇ ಅಕ್ಕಸಾಲಿಗನ ಮರ್ಯಾದೆ. ಡೆನ್ಮಾರ್ಕಿನವರೂ ಮರ್ಯಾದಸ್ಥರೇ. ಅವರೂ ರಾಜನ ಮುಖ ಕೆಡಬಾರದೆಂದು ಪಡೆದವನ ಹೆಸರನ್ನು ಅಂಚಿನಲ್ಲೇ, ನಾಣ್ಯದ ಹಲ್ಲುಗಳಿರುವ ಜಾಗದಲ್ಲಿ, ಸಣ್ಣಗೆ ಕೆತ್ತುತ್ತಾರೆ.

ಇದು ನನಗೆ ಗೊತ್ತಿತ್ತು. ಟ್ರೇಯಲ್ಲಿದ್ದ ಎರಡರ ಹೆಸರನ್ನೂ ನಾನೇ ಓದಿದ್ದೆ. ಆದರೂ ಸಾಲು ಕರಗಿದ ಮೇಲೆ ಆ ಪದಕ ಎತ್ತಿಕೊಂಡಾಗ ಮೂವತ್ತು ವರ್ಷದ ಕೈ ತನ್ನ ಪಾಡಿಗೆ ತಾನು ಅರ ತಗೊಂಡಿತು. ತಲೆ ಎಲ್ಲಿತ್ತೋ! ಕಪ್ಪು ದಪ್ಪಗೆ ಕಟ್ಟಿದ್ದರಿಂದ ಎರಡು ಸಲ, ಮೂರು ಸಲ, ಉದ್ದಕ್ಕೆ ತೀಡಿದೆ. ಒರೆಗೆ ಉಜ್ಜಿದೆ. ಒಳ್ಳೆಯ ಬೆಳ್ಳಿ. ಖುಷಿಯಾಗಿ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿ ಅಂಚು ನೋಡಿದರೆ, ಅಯ್ಯೋ ದೇವರೇ, ನಾನು ತೀಡಿದ ಜಾಗ ಮುಗಿದಲ್ಲಿ ಮೂರು ಅಕ್ಷರಗಳು ನಿಂತಿದ್ದವು: ಎಸ್, ಇ, ಎನ್. ಡೆನ್ಮಾರ್ಕಿನವರ ಹೆಸರುಗಳಲ್ಲಿ ಲೆಕ್ಕವಿಲ್ಲದಷ್ಟು ಮುಗಿಯುವುದು ಆ ಮೂರಕ್ಷರದಲ್ಲೇ. ಅದರ ಹಿಂದಿನದೆಲ್ಲ ನನ್ನ ಮೇಜಿನ ಮೇಲೆ ಪುಡಿಯಾಗಿ ಬಿದ್ದಿತ್ತು.

ಅಷ್ಟಕ್ಕೇ ನಿಲ್ಲಿಸಿದ್ದರೆ ಅದು ತಪ್ಪು ಎನಿಸಿಕೊಳ್ಳುತ್ತಿತ್ತು. ನಾನು ನಿಲ್ಲಿಸಲಿಲ್ಲ. ಮೊದಲು ನನ್ನ ತಲೆಗೆ ಬಂದದ್ದು ಯಾರ ಹೆಸರಿತ್ತೋ ಪಾಪ ಎಂದಲ್ಲ. ಬೆಲೆ ಹೋಯಿತಲ್ಲ ಎಂದು. ಎರಡನೆಯದಾಗಿ ಬಂದದ್ದು ಮೇಳದಲ್ಲಿ ಕಲಿತ ಪಾಠ. ಅರ್ಧ ಹೆಸರನ್ನು ಯಾರೂ ಮೂಸುವುದಿಲ್ಲ, ಹೆಸರೇ ಇಲ್ಲದಿದ್ದರೆ ನಡೆಯುತ್ತದೆ. ಕಾನೂನಿನ ಪ್ರಕಾರ ಕೊಂಡದ್ದನ್ನು ಕೆಲವು ದಿನ ಇದ್ದ ಹಾಗೇ ಇಡಬೇಕು. ಇಡಲಿಲ್ಲ. ಮತ್ತೆ ಅರ ತಗೊಂಡು, ಆ ಮೂರು ಅಕ್ಷರಗಳನ್ನೂ ತೀಡಿ, ಸುತ್ತಲೂ ಒಂದೇ ಸಮ ಮಾಡಿ, ಚಕ್ರಕ್ಕೆ ಕೊಟ್ಟು ಹೊಳಪು ಬರಿಸಿ, ಗಂಧಕದ ನೀರಿನಲ್ಲಿ ಅದ್ದಿ ಪುನಃ ಕಪ್ಪು ಮಾಡಿ, ಆ ಎರಡರ ಜೊತೆ ಟ್ರೇಯಲ್ಲಿಟ್ಟೆ. ಬಹಳ ಚೆನ್ನಾಗಿ ಬಂತು ಕೆಲಸ. ನೋಡಿ ನೋಡಿ ನನಗೇ ಸಮಾಧಾನವಾಯಿತು. ಈಗ ನೆನೆದರೆ ಆ ಸಮಾಧಾನದ ಮೇಲೆ ಉಗಿಯಬೇಕು ಅನ್ನಿಸುತ್ತದೆ.

ನಾಲ್ಕು ದಿನದ ಮೇಲೆ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಒಬ್ಬ ಮುದುಕಿ ಟ್ಯಾಕ್ಸಿಯಲ್ಲಿ ಬಂದಿಳಿದರು. ಎಂಬತ್ತು ದಾಟಿರಬೇಕು. ಕೈಯಲ್ಲಿ ಕೋಲು. ದೃಷ್ಟಿ ಮಂದ, ಮಾತಾಡುವಾಗ ನನ್ನ ಕಿವಿಯ ಪಕ್ಕ ಎಲ್ಲೋ ನೋಡುತ್ತಿದ್ದರು. ಯಜಮಾನರು ಕುರ್ಚಿ ತಂದು ಹಾಕಿದರು.

"ನನ್ನ ಮಗ ಶನಿವಾರ ನಿಮಗೊಂದು ಡಬ್ಬಿ ಮಾರಿದ್ದಾನೆ" ಎಂದರು ಆಕೆ. "ಚಮಚ ಹೋದರೆ ಹೋಗಲಿ. ಅದರಲ್ಲಿ ನನ್ನ ತಂದೆಯ ಪದಕ ಇತ್ತೇ?"

ನಾನು ಪುಸ್ತಕ ತೆರೆದೆ. ಬೆಳ್ಳಿ, ಒಂದು ಡಬ್ಬಿ.

ಯಾರೂ ಕೇಳದೆಯೇ ಆಕೆ ಉಳಿದದ್ದನ್ನೂ ಹೇಳಿದರು. ಮಗನಿಗೆ ಕೆಲಸ ಹೋಯಿತು. ಮನೆಯನ್ನು ಬ್ಯಾಂಕು ತಗೊಂಡಿತು. ಈಗ ತಾಯಿಯ ಮನೆಯ ಬೇಸ್‌ಮೆಂಟಿನಲ್ಲಿದ್ದಾನೆ. ಬಂದಾಗಿನಿಂದ ಮನೆಯ ಸಾಮಾನು ಒಂದೊಂದೇ ಮಾಯ, ಕೇಳಿದರೆ ಪ್ರತಿ ಸಲವೂ ಒಂದು ಸುಳ್ಳು. "ಪದಕವನ್ನು ಬೇರೆ ಯಾರಿಗೋ ಹೆಚ್ಚಿನ ಹಣಕ್ಕೆ ಮಾರಿದ್ದಾನೆ ಎಂದು ನನ್ನ ಅನುಮಾನ. ಅವನು ಮಾತ್ರ, ಹಾಗಲ್ಲ, ಡಬ್ಬಿಯ ಜೊತೆ ಇಲ್ಲೇ ಕೊಟ್ಟೆ ಎಂದು ಆಣೆ ಮಾಡುತ್ತಾನೆ. ನಾನೇ ಹೋಗಿ ನೋಡುತ್ತೇನೆ ಎಂದೆ. ಈ ಒಂದು ಮಾತು ನಿಜವಾದರೆ ನೀನು ಮನೆಯಲ್ಲಿರು, ಇದೂ ಸುಳ್ಳಾದರೆ ಇವತ್ತೇ ಹೊರಡು ಎಂದು ಹೇಳಿ ಬಂದಿದ್ದೇನೆ."

ಯಜಮಾನರು ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದರು, "ಇತ್ತಾ ಮಾರಾಯ, ಇವರ ಡಬ್ಬಿಯಲ್ಲಿ? ಇದ್ರೆ ಕೊಟ್ಟುಬಿಡು. ದುಡ್ಡುಗಿಡ್ಡು ಎಂತ ಬೇಡ. ಅಪ್ಪನ ವಸ್ತು ಅಲ್ವಾ ಅದು, ಪಾಪ."

ಸುತ್ತಿಗೆ ಹಿಡಿದು ಶಿಲುಬೆ ಒಡೆದ ಮನುಷ್ಯ ಹೇಳಿದ ಮಾತು ಇದು. ನಾನು, ಒಡೆಯಬೇಡಿ ಎಂದು ತಡೆದವನು, "ನೆನಪಿಲ್ಲ" ಎಂದೆ. "ಆ ತರದ್ದು ಮೂರುಂಟು ನಮ್ಮಲ್ಲಿ. ತೋರಿಸುವ."

ಟ್ರೇ ತಂದು ಆಕೆಯ ಮುಂದಿಟ್ಟೆ. ಕಣ್ಣು ಕಾಣುವುದಿಲ್ಲವಲ್ಲ, ಹೇಗೂ ಒಂದನ್ನು ತಮ್ಮದೆಂದು ಎತ್ತಿಕೊಂಡು ಹೋಗುತ್ತಾರೆ, ಎಲ್ಲರಿಗೂ ಒಳ್ಳೆಯದಾಗುತ್ತದೆ ಎಂದು ಲೆಕ್ಕ ಹಾಕಿದ್ದೆ. ಎಂಥ ನೀಚ ಲೆಕ್ಕ!

ಆಕೆ ನೋಡುವ ಗೋಜಿಗೇ ಹೋಗಲಿಲ್ಲ. ಮೊದಲನೆಯದನ್ನು ಎತ್ತಿ, ಹೆಬ್ಬೆರಳಿನ ಉಗುರನ್ನು ಅಂಚಿನ ಮೇಲೆ ಮೆಲ್ಲಗೆ ಎಳೆಯುತ್ತಾ ಸುತ್ತು ಬಂದರು. "ಇದು ಬೇರೆಯವರದು." ಎರಡನೆಯದು. "ಇದೂ ಅಲ್ಲ."

"ತಂದೆಯ ತೊಡೆಯ ಮೇಲೆ ಕೂತು ನಾನು ಮೊದಲು ಕಲಿತ ಅಕ್ಷರಗಳು ಅವರ ಹೆಸರಿನವು" ಎಂದರು ಆಕೆ ಯಜಮಾನರಿಗೆ. "ಕಣ್ಣು ಹೋಗುವ ಮೊದಲೂ ನಾನು ಅದನ್ನು ಬೆರಳಿನಿಂದಲೇ ಓದುತ್ತಿದ್ದೆ. ಕೊನೆಯ ಅಕ್ಷರ ಸ್ವಲ್ಪ ಓರೆ. ಕೆತ್ತಿದವನ ಕೈ ಜಾರಿರಬೇಕು."

ಮೂರನೆಯದನ್ನು ಎತ್ತಿಕೊಂಡರು. ಅಂಗೈಯಲ್ಲಿಟ್ಟು ತೂಕ ನೋಡಿದರು. ರಾಜನ ಮುಖದ ಮೇಲೆ ಬೆರಳಾಡಿಸಿದರು. ಆಕೆಯ ಮುಖ ಸ್ವಲ್ಪ ಸಡಿಲವಾಯಿತು. ಆಮೇಲೆ ಉಗುರು ಅಂಚಿಗೆ ಬಂತು. ಒಂದು ಸುತ್ತು. ಎರಡು ಸುತ್ತು. ಪದಕ ತಿರುಗಿಸಿ ಹಿಂದುಮುಂದಾಗಿ ಇನ್ನೊಂದು ಸುತ್ತು. ನನ್ನ ಕೆಲಸ ಎಲ್ಲೂ ತಡೆಯಲಿಲ್ಲ, ಬೆಣ್ಣೆಯ ಹಾಗೆ ನುಣುಪಾಗಿತ್ತು. ಆ ಮೂರೇ ಮೂರು ಅಕ್ಷರ ಬಿಟ್ಟಿದ್ದರೆ ಸಾಕಿತ್ತು. ಆ ಓರೆಯಾದ ಒಂದೇ ಅಕ್ಷರ ಬಿಟ್ಟಿದ್ದರೂ ಸಾಕಿತ್ತು.

"ಇದಕ್ಕೆ ಹೆಸರೇ ಇಲ್ಲ" ಎಂದರು.

ಆಗಲಾದರೂ ಬಾಯಿ ಬಿಡಬಹುದಿತ್ತು. ಕೆಲಸ ಹೋಗುತ್ತಿರಲಿಲ್ಲ, ಯಜಮಾನರು ನಾಲ್ಕು ಮಾತು ಬೈದು ಸುಮ್ಮನಾಗುತ್ತಿದ್ದರು. ಅಷ್ಟು ಬೈಗುಳಕ್ಕೆ, ಎಲ್ಲ ಬಲ್ಲವನೆಂಬ ಹೆಸರು ಹೋದೀತೆಂದು ಹೆದರಿದೆ. ಹೆದರಿ ಸುಮ್ಮನಿದ್ದರೂ ಒಂದು ರೀತಿ. ನನ್ನ ಬಾಯಿ ತಜ್ಞನ ಗತ್ತಿನಲ್ಲಿ ಮಾತಾಡಿತು: "ಕೆಲವನ್ನು ಯಾರಿಗೂ ಕೊಡದೆ ಉಳಿಸಿರುತ್ತಾರೆ, ಮೇಡಂ. ಇದು ಅಂಥದ್ದು."

"ಓಹ್" ಎಂದರು ಆಕೆ. "ನಿಮಗೆ ಇದೆಲ್ಲ ಚೆನ್ನಾಗಿ ಗೊತ್ತಿದೆ. ಥ್ಯಾಂಕ್ ಯೂ."

ಪದಕವನ್ನು ಟ್ರೇಯಲ್ಲಿ ಜೋಪಾನವಾಗಿ ಇಟ್ಟರು. ಬೇರೆಯವರ ವಸ್ತುವನ್ನು ಇಡುವ ಹಾಗೆ, ಕೈ ತಕ್ಷಣ ಹಿಂದಕ್ಕೆ ತಗೊಂಡರು. "ಹಾಗಾದರೆ ಅವನು ಇದನ್ನೂ ಸುಳ್ಳೇ ಹೇಳಿದ" ಎಂದರು, ನಮಗಲ್ಲ, ತಮಗೇ. ಕೋಲು ಊರಿ ಎದ್ದರು. ನಿಮ್ಮ ಸಮಯ ಹಾಳುಮಾಡಿದೆ ಎಂದು ನನ್ನಲ್ಲಿ ಕ್ಷಮೆಯನ್ನೂ ಕೇಳಿದರು.

ಯಜಮಾನರು ಬಾಗಿಲವರೆಗೆ ಹೋಗಿ, ಕೈ ಹಿಡಿದು ಟ್ಯಾಕ್ಸಿಗೆ ಹತ್ತಿಸಿ ಬಂದರು. ಪುಸ್ತಕ ನನ್ನ ಮುಂದೆ ತೆರೆದೇ ಇತ್ತು. ಮಗನ ಹೆಸರು, ಪರ್ತ್ ಆಂಬಾಯಿನ ಬೀದಿ, ಮನೆ ನಂಬರು, ಎಲ್ಲ ನನ್ನದೇ ಕೈಬರಹದಲ್ಲಿ. ಅಲ್ಲಿಗೆ ಅರ್ಧ ಗಂಟೆಯ ಡ್ರೈವ್. ಅವತ್ತೂ ಹೋಗಲಿಲ್ಲ, ಆಮೇಲೆ ಯಾವತ್ತೂ ಹೋಗಲಿಲ್ಲ.

ಯಜಮಾನರು ಬಂದು ಖಾಲಿ ಕುರ್ಚಿಯನ್ನು ಗೋಡೆಗೆ ಸರಿಸಿದರು. "ಎಂಥ ಕಳ್ಳ ಮಗ ಮಾರಾಯ!" ಎಂದರು. "ಹೆತ್ತ ತಾಯಿಗೆ ಹೀಗೆ ಸುಳ್ಳು ಹೇಳುದಾ?"

"ಹೌದು" ಎಂದೆ ನಾನು. "ಕಳ್ಳನೇ."